ಮಗನ ನಾಲ್ಕು ನಿಮಿಷದ ಮಾತಿಗೆ ಯಾರ ಕಥೆ ಕೊಡಲಿ?

ಎಂಟನೇ ಕ್ಲಾಸಿನ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿನಿಮಾ, ಟಿವಿ ಚೆನ್ನಾಗಿ ಬಲ್ಲವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾವಿರುವುದು ಅಮೆರಿಕದಲ್ಲಿ. ಮಗ ಎಂಟನೇ ಕ್ಲಾಸು. ಇಲ್ಲಿ ಫೆಬ್ರವರಿ ಅಂದರೆ ಬ್ಲ್ಯಾಕ್ ಹಿಸ್ಟರಿ ಮಂತ್, ಕಪ್ಪು ವರ್ಣೀಯರ ಚರಿತ್ರೆ ನೆನೆಯುವ ತಿಂಗಳು. ಈ ಸಲ ಅವನ ಟೀಚರ್ ಮಕ್ಕಳಿಂದ ಚೀಟಿ ಎತ್ತಿಸಿದ್ದಾರೆ. ಒಬ್ಬರಿಗೆ ವಿಜ್ಞಾನ, ಒಬ್ಬರಿಗೆ ಕ್ರೀಡೆ, ಹೀಗೆ. ಇವನ ಚೀಟಿಯಲ್ಲಿ ಬಂದದ್ದು "ಮನರಂಜನೆ ಮತ್ತು ಮಾಧ್ಯಮ, ಗಂಡಸರು". ಕಪ್ಪು ವರ್ಣೀಯರಲ್ಲಿ ಅಂಥ ಒಬ್ಬರನ್ನು ಆರಿಸಿ ಕ್ಲಾಸಿನ ಮುಂದೆ ನಾಲ್ಕು ನಿಮಿಷ ಮಾತಾಡಬೇಕು. ಹುಟ್ಟಿದ್ದು ಎಲ್ಲಿ, ಎಷ್ಟು ಪ್ರಶಸ್ತಿ ಬಂತು ಅಂತ ಹೇಳಿದರೆ ಮಾರ್ಕ್ಸ್ ಇಲ್ಲವಂತೆ. "ಇವರಿಂದ ನೀನು ಏನು ತೆಗೆದುಕೊಳ್ಳುತ್ತೀಯ" ಅನ್ನುವುದಕ್ಕೇ ಎಲ್ಲ ಮಾರ್ಕ್ಸು.

ಮಗನ ಉತ್ತರ ಸಿದ್ಧವಾಗಿದೆ: ಬ್ಲ್ಯಾಕ್ ಪ್ಯಾಂಥರ್ ಅನ್ನುವ ಸೂಪರ್‌ಹೀರೋ ಸಿನಿಮಾದ ಹೀರೋ. ಏನು ತೆಗೆದುಕೊಳ್ಳುತ್ತೀಯೋ ಅಂದರೆ, "ಸೂಟು" ಅಂದ.

ನಾನೇ ಹುಡುಕೋಣ ಅಂತ ಕೂತೆ. ಎಲ್ಲಿ ನೋಡಿದರೂ "ಸ್ಫೂರ್ತಿ ನೀಡುವ 25 ಮಂದಿ", "ಟಾಪ್ 50" ಇಂಥವೇ. ಒಬ್ಬೊಬ್ಬರಿಗೂ ಎರಡೆರಡು ಸಾಲು, ಬಯೋಡೇಟಾ ಓದಿದ ಹಾಗೆ. ಓದಿ ಮುಗಿಸುವ ಹೊತ್ತಿಗೆ ಒಬ್ಬರೂ ನೆನಪಿನಲ್ಲಿ ಉಳಿಯುವುದಿಲ್ಲ.

ನನಗೆ ಬೇಕಾದ್ದು ಪಟ್ಟಿ ಅಲ್ಲ. ಆ ಮನುಷ್ಯನ ಬದುಕಿನಲ್ಲಿ ನಡೆದ ಒಂದು ಘಟನೆ. ಹದಿಮೂರು ವರ್ಷದ ಹುಡುಗ ಫೋನ್ ಕೆಳಗಿಟ್ಟು ಕೇಳುವಂಥದ್ದು. ನಿಮಗೆ ಯಾರು ನೆನಪಿಗೆ ಬರುತ್ತಾರೆ?

ಅಡಿಬರಹ

ಸಬ್‌ಟೈಟಲ್ ಬರೆಯುವುದು ನನ್ನ ಹೊಟ್ಟೆಪಾಡು. ಒಂದೇ ದೃಶ್ಯವನ್ನು ಇಪ್ಪತ್ತು ಸಲ ನೋಡುವ ಕರ್ಮ. ಹಾಗಾಗಿ ನಟರ ಮೇಲೆ ನನಗೆ ಭಕ್ತಿ ಕಡಿಮೆ. ಆದರೂ ನಿಮ್ಮ ಮಗನ ಆಯ್ಕೆ ಕೆಟ್ಟದ್ದಲ್ಲ ಮೇಡಂ. ಸೂಟು ಬಿಟ್ಟು ಒಳಗಿನ ಮನುಷ್ಯನನ್ನು ನೋಡಲಿ, ಅಷ್ಟೇ.

ಆ ಹೀರೋ ಚಾಡ್ವಿಕ್ ಬೋಸ್‌ಮನ್ 2018ರಲ್ಲಿ ತಾವು ಓದಿದ ಹೋವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿದ್ದರು. ಬ್ಲ್ಯಾಕ್ ಪ್ಯಾಂಥರ್ ಬಂದು ಮೂರು ತಿಂಗಳಾಗಿತ್ತು. ಪ್ರಪಂಚವೆಲ್ಲ ಅವರ ಹಿಂದೆ. ಅಲ್ಲಿ ಅವರು ಗೆದ್ದ ಕಥೆ ಹೇಳಿ ಬರಬಹುದಿತ್ತು. ಹೇಳಿದ್ದು ತಮ್ಮನ್ನು ಕೆಲಸದಿಂದ ತೆಗೆದ ಕಥೆ.

ಆಗಿನ್ನೂ ಹೊಸಬರು. ಟಿವಿ ಧಾರಾವಾಹಿಯೊಂದರಲ್ಲಿ ಪಾತ್ರ ಸಿಕ್ಕಿತ್ತು. ಅವರು ಅಲ್ಲಿಯವರೆಗೆ ಕಾಣದಷ್ಟು ದುಡ್ಡು. ಎರಡು ಕಂತು ಮುಗಿದ ಮೇಲೆ ಮೇಲಿನವರು ಕರೆದು, ನಿನ್ನ ಕೆಲಸ ನಮಗೆ ಇಷ್ಟವಾಯಿತು, ಏನಾದರೂ ಬೇಕಿದ್ದರೆ ಕೇಳು ಅಂದರು. ಇವರು ಕೇಳಿಯೇಬಿಟ್ಟರು. ನನ್ನ ಪಾತ್ರದ ಅಪ್ಪ ಎಲ್ಲಿ? ನೀನು ಚಿಕ್ಕವನಿದ್ದಾಗ ಬಿಟ್ಟು ಹೋದ. ಅಮ್ಮ ಯಾಕೆ ಮಕ್ಕಳನ್ನು ನೋಡಿಕೊಳ್ಳುವುದಿಲ್ಲ? ಅವಳು ಹೆರಾಯಿನ್ ವ್ಯಸನಿ ಅಲ್ವಾ, ಅದಕ್ಕೆ.

ಕಪ್ಪು ಹುಡುಗ ಅಂದಮೇಲೆ ಅಪ್ಪ ಓಡಿಹೋಗಿರಬೇಕು, ಅಮ್ಮ ನಶೆಯಲ್ಲಿರಬೇಕು. ಬರೆದವರಿಗೆ ಅದು ತಪ್ಪು ಅಂತ ಅನ್ನಿಸಿಯೂ ಇರಲಿಲ್ಲ. ಬೋಸ್‌ಮನ್ ಕೇಳಿದರು. ಮಾರನೇ ದಿನ ಕೆಲಸ ಹೋಯಿತು. ತಮಾಷೆ ಅಂದರೆ, ಮುಂದೆ ಆ ಪಾತ್ರವನ್ನು ಮಾಡಿದ್ದು ಮೈಕೆಲ್ ಬಿ. ಜೋರ್ಡಾನ್. ಬ್ಲ್ಯಾಕ್ ಪ್ಯಾಂಥರ್‌ನಲ್ಲಿ ಇವರ ಎದುರು ನಿಂತ ಖಳನಾಯಕ ಅವರೇ!

ಇದರ ಹಿಂದೆ ಇನ್ನೊಂದು ಇದೆ. ಹೋವರ್ಡ್‌ನಲ್ಲಿ ಓದುವಾಗ ಬೋಸ್‌ಮನ್ ಮತ್ತು ಗೆಳೆಯರಿಗೆ ಆಕ್ಸ್‌ಫರ್ಡ್‌ನಲ್ಲಿ ಬೇಸಿಗೆಯ ನಾಟಕ ತರಬೇತಿಗೆ ಸೀಟು ಸಿಕ್ಕಿತು. ಫೀಸಿಗೆ ದುಡ್ಡಿಲ್ಲ. ಹೋವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ನಟಿ ಫಿಲಿಷಿಯಾ ರಷಾದ್ ಪರಿಚಯದವರಿಗೆ ಫೋನ್ ಮಾಡಿದರು. ಫೀಸು ಕಟ್ಟಿದ್ದು ಹಾಲಿವುಡ್ ನಟ ಡೆನ್ಜೆಲ್ ವಾಷಿಂಗ್ಟನ್. ಬೋಸ್‌ಮನ್‌ಗೆ ಕಾಗದ ಬಂದಾಗಲೇ ಹೆಸರು ಗೊತ್ತಾಯಿತು. ಧನ್ಯವಾದದ ಪತ್ರ ಬರೆದರು. ಆಮೇಲೆ ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ. ಹೇಳಿದರೆ ಅವರಿಂದ ಇನ್ನೇನೋ ಬೇಕಾಗಿದೆ ಅಂತ ಜನ ತಿಳಿಯುತ್ತಾರೆ ಅಂತ. 2019ರಲ್ಲಿ ಡೆನ್ಜೆಲ್‌ಗೆ ಸನ್ಮಾನ ಆದಾಗ ವೇದಿಕೆ ಮೇಲೆ ನಿಂತು, ನೀವಿಲ್ಲದಿದ್ದರೆ ಬ್ಲ್ಯಾಕ್ ಪ್ಯಾಂಥರ್ ಇರುತ್ತಿರಲಿಲ್ಲ ಅಂದರು.

2016ರಲ್ಲೇ ಅವರಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಹೊರಗೆ ಹೇಳಲಿಲ್ಲ. ಚಿಕಿತ್ಸೆ, ಶೂಟಿಂಗ್, ಮತ್ತೆ ಚಿಕಿತ್ಸೆ. 2020ರ ಆಗಸ್ಟ್ 28ರಂದು ಹೋದರು, 43ನೇ ವಯಸ್ಸಿಗೆ. ಕೊನೆಯ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರು ಅದೇ ಡೆನ್ಜೆಲ್.

ನನ್ನ ಕಸುಬಿಗೆ ಸೇರಿದ ಒಂದು ಮಾತು ಹೇಳಿಬಿಡುತ್ತೇನೆ. ಬ್ಲ್ಯಾಕ್ ಪ್ಯಾಂಥರ್‌ನಲ್ಲಿ ಅವರದು ವಕಾಂಡ ಅನ್ನುವ ಕಲ್ಪಿತ ಆಫ್ರಿಕನ್ ದೇಶದ ರಾಜನ ಪಾತ್ರ. ಆ ರಾಜ ಬ್ರಿಟಿಷ್ ಅಥವಾ ಅಮೆರಿಕನ್ ಧಾಟಿಯಲ್ಲಿ ಮಾತಾಡಲಿ ಅನ್ನುವ ಯೋಚನೆ ಇತ್ತು. ಬೋಸ್‌ಮನ್ ಒಪ್ಪಲಿಲ್ಲ. ಯಾರ ಕೈಕೆಳಗೂ ಬೀಳದ ದೇಶದ ರಾಜ ಬೇರೆಯವರ ಉಚ್ಚಾರ ಯಾಕೆ ಕಲಿಯಬೇಕು ಅಂತ ಹಟ ಹಿಡಿದರು. ಆ ಸಿನಿಮಾ ನೋಡುವಾಗ ಕಣ್ಣು ಮುಚ್ಚಿ ಕೇಳಲು ಹೇಳಿ ನಿಮ್ಮ ಮಗನಿಗೆ.

ಸುಮ್ನೆ ಕೇಳ್ದೆ

ಬೇಜಾರು ಮಾಡ್ಕೋಬೇಡಿ, ಎರಡು ಅನುಮಾನ. ಒಂದು, ಸ್ಫೂರ್ತಿಗೆ ಬಣ್ಣ ಯಾಕೆ? ಒಳ್ಳೆಯ ನಟ ಅಂದರೆ ಒಳ್ಳೆಯ ನಟ. ಎರಡು, ಪರದೆ ಮೇಲಿನವರನ್ನು ಮಕ್ಕಳಿಗೆ ಮಾದರಿ ಅಂತ ತೋರಿಸುವುದೇ ಅಪಾಯ ಅಲ್ವಾ? ಹಾಸ್ಯನಟ ಬಿಲ್ ಕಾಸ್ಬಿಯನ್ನು ನೋಡಿ. 1984ರಿಂದ 1992ರವರೆಗೆ ಅವರ ಧಾರಾವಾಹಿ ನಡೆಯಿತು. ಅಮೆರಿಕಕ್ಕೆಲ್ಲ ಅವರೇ ಮಾದರಿ ಅಪ್ಪ. ಆಮೇಲೆ ಎಷ್ಟೋ ಹೆಂಗಸರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. 2018ರಲ್ಲಿ ಶಿಕ್ಷೆ ಆಯಿತು. 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು, ಅದು ಬೇರೆ ಮಾತು. ಆ ಅಪ್ಪನನ್ನು ನಂಬಿ ಬೆಳೆದ ಮಕ್ಕಳ ಗತಿ ಏನು?

ಹಳೇ ಮೈಕು

ಇಪ್ಪತ್ತೆರಡು ವರ್ಷ ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತನಾದವನು ನಾನು. ಮಾತು ಉದ್ದವಾದರೆ ಕ್ಷಮಿಸಿ. ಮೊದಲೆಲ್ಲ ಗಡಿಯಾರ ನೋಡಿಕೊಂಡು ನಿಲ್ಲಿಸಬೇಕಿತ್ತು. ಈಗ ಕೇಳುವವರಿಲ್ಲ.

'ಸುಮ್ನೆ ಕೇಳ್ದೆ' ಅವರೇ, ನಿಮ್ಮ ಎರಡನೇ ಅನುಮಾನ ಸರಿ. ಅದಕ್ಕೇ ನಾನು ಇಡೀ ಮನುಷ್ಯನನ್ನು ಗೋಡೆಗೆ ನೇತುಹಾಕುವುದಿಲ್ಲ. ಅವನು ಯಾವ ಹೊತ್ತಿನಲ್ಲಿ ಏನು ಮಾಡಿದ, ಆ ಒಂದು ಗಳಿಗೆಯನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಮೊದಲನೆಯದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬಣ್ಣವನ್ನು ನಾವು ತರುತ್ತಿಲ್ಲ, ಅದು ಆಗಲೇ ಅಲ್ಲಿತ್ತು. ನ್ಯಾಟ್ ಕಿಂಗ್ ಕೋಲ್ ಅಂತ ಹಾಡುಗಾರ, ಬೆಣ್ಣೆಯಂಥ ಗಂಟಲು. 1956ರ ನವೆಂಬರ್‌ನಲ್ಲಿ ಎನ್‌ಬಿಸಿ ಟಿವಿ ವಾಹಿನಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ದೊಡ್ಡ ದೊಡ್ಡ ಕಲಾವಿದರು ಕಡಿಮೆ ದುಡ್ಡಿಗೆ ಬಂದು ಹಾಡಿದರು. ಆದರೆ ದೇಶದ ಮಟ್ಟದ ಜಾಹೀರಾತುದಾರ ಒಬ್ಬನೂ ಸಿಗಲಿಲ್ಲ. ಕಪ್ಪು ಮನುಷ್ಯನ ಕಾರ್ಯಕ್ರಮಕ್ಕೆ ಹೆಸರು ಕೊಟ್ಟರೆ ದಕ್ಷಿಣದ ರಾಜ್ಯಗಳಲ್ಲಿ ಸರಕು ಮಾರಾಟವಾಗದು ಅನ್ನುವ ಭಯ. ಒಂದು ವರ್ಷ ಎಳೆದು 1957ರ ಡಿಸೆಂಬರ್‌ನಲ್ಲಿ ಕೋಲ್ ಅವರೇ ನಿಲ್ಲಿಸಿದರು. ಜಾಹೀರಾತು ಕಂಪನಿಗಳೆಲ್ಲ ಇದ್ದದ್ದು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ. ಆ ಬೀದಿಗೆ ಕತ್ತಲೆ ಕಂಡರೆ ಹೆದರಿಕೆ ಅಂದರು ಕೋಲ್.

ಈಗ ನನ್ನ ಜಾತಿಯವನ ಕಥೆ. ಜಾತಿ ಅಂದರೆ ವಾರ್ತೆ ಓದುವವರ ಜಾತಿ. ಮ್ಯಾಕ್ಸ್ ರಾಬಿನ್ಸನ್. 1959, ವರ್ಜೀನಿಯಾದ ಪೋರ್ಟ್ಸ್‌ಮತ್ ಊರಿನ ಒಂದು ಟಿವಿ ಕೇಂದ್ರ. ವಾರ್ತೆ ಓದುವ ಕೆಲಸ ಬಿಳಿಯರಿಗೆ ಮಾತ್ರ ಅಂತಿತ್ತು. ಇವರು ಹೋಗಿ, ನನ್ನದೂ ಒಂದು ಆಡಿಷನ್ ತೆಗೆದುಕೊಳ್ಳಿ ಅಂದರು. ದನಿ ಕೇಳಿ ಕೆಲಸ ಕೊಟ್ಟರು. ಆದರೆ ಷರತ್ತು ನೋಡಿ. ಇವರು ಓದುವಾಗ ಪರದೆ ಮೇಲೆ ಕೇಂದ್ರದ ಚಿಹ್ನೆ ಇರುವ ಒಂದು ಸ್ಲೈಡು. ನೋಡುವವರಿಗೆ ದನಿ ಮಾತ್ರ, ಮುಖ ಕಾಣುವುದಿಲ್ಲ.

ರೇಡಿಯೋದವನಾಗಿ ನಾನು ವರ್ಷಗಟ್ಟಲೆ ಮುಖ ಕಾಣದೆ ಓದಿದ್ದೇನೆ. ನನ್ನ ಹೆಂಡತಿ ತಮಾಷೆಗೆ, ಪುಣ್ಯ ಅನ್ನುತ್ತಿದ್ದಳು. ಆದರೆ ಅದು ಬೇರೆ, ಮುಖ ತೋರಿಸುವ ಪೆಟ್ಟಿಗೆಯಲ್ಲಿ ಒಬ್ಬನ ಮುಖಕ್ಕೆ ಮಾತ್ರ ರಟ್ಟು ಹಿಡಿಯುವುದು ಬೇರೆ. ಒಂದು ರಾತ್ರಿ ರಾಬಿನ್ಸನ್ ಆ ಸ್ಲೈಡು ತೆಗೆಸಿದರು. ಮುಖ ಕಂಡಿತು. ಮರುದಿನ ಕೆಲಸ ಹೋಯಿತು.

1978ರಲ್ಲಿ ಎಬಿಸಿ ತನ್ನ ರಾತ್ರಿ ವಾರ್ತೆಗೆ ಮೂವರನ್ನು ಕೂರಿಸಿತು. ವಾಷಿಂಗ್ಟನ್‌ನಲ್ಲಿ ಒಬ್ಬರು, ಲಂಡನ್‌ನಲ್ಲಿ ಒಬ್ಬರು, ಶಿಕಾಗೋದಲ್ಲಿ ಮ್ಯಾಕ್ಸ್ ರಾಬಿನ್ಸನ್. ಅಮೆರಿಕದ ದೊಡ್ಡ ಜಾಲಗಳಲ್ಲಿ ರಾತ್ರಿ ವಾರ್ತೆಯ ಮೊದಲ ಕಪ್ಪು ಆ್ಯಂಕರ್. ಅಲ್ಲಿಗೆ ಸುಖಾಂತ್ಯ ಅಂದುಕೊಳ್ಳಬೇಡಿ. ಅಲ್ಲೂ ದೊಡ್ಡ ಸುದ್ದಿ ಬಂದಾಗ ತಮ್ಮನ್ನು ದೂರ ಇಡುತ್ತಾರೆ ಅಂತ 1981ರಲ್ಲಿ ಕಾಲೇಜೊಂದರ ಭಾಷಣದಲ್ಲಿ ಬಹಿರಂಗವಾಗಿ ಹೇಳಿದರು. ಸಂಬಳ ಕೊಡುವವರ ಮೇಲೆಯೇ! ಕೆಲವು ವರ್ಷಕ್ಕೆ ಎಬಿಸಿ ಬಿಟ್ಟರು. 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಇನ್ನೂ 49. ನಾನು ಸತ್ತ ಕಾರಣವನ್ನು ಮುಚ್ಚಿಡಬೇಡಿ, ನಮ್ಮ ಜನಕ್ಕೆ ತಿಳಿವಳಿಕೆ ಬರಲಿ ಅಂತ ಹೇಳಿಹೋಗಿದ್ದರು. ಆ ಕಾಲದಲ್ಲಿ ಆ ರೋಗದ ಹೆಸರು ಎತ್ತಲು ಜನ ಹೆದರುತ್ತಿದ್ದರು. ಅಲ್ಲೂ ಸ್ಲೈಡು ಬೇಡ ಅಂದ ಹಾಗಾಯಿತು.

ಇನ್ನೊಬ್ಬರು ನನಗೆ ಇನ್ನೂ ಹತ್ತಿರ. ಸಿಡ್ನಿ ಪಾಟ್ಯೇ. ಯಾಕೆ ಹತ್ತಿರ ಅಂದರೆ, ನನ್ನ ಮೊದಲ ಆಡಿಷನ್ನಿನಲ್ಲಿ "ಹಣಕಾಸು" ಅನ್ನುವುದನ್ನು "ಅಣಕಾಸು" ಅಂದಿದ್ದೆ. ನಮ್ಮ ಮನೆಯಲ್ಲಿ ಹಕಾರ ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಗಾಜಿನ ಆಚೆ ಕೂತವರು ನಕ್ಕದ್ದು ಕೇಳಿಸಲಿಲ್ಲ, ಕಾಣಿಸಿತು.

ಪಾಟ್ಯೇ ಬಹಾಮಾಸ್‌ನ ಕ್ಯಾಟ್ ದ್ವೀಪದಲ್ಲಿ ಟೊಮೆಟೊ ಬೆಳೆಯುವವರ ಮಗ. ಅಪ್ಪ ಅಮ್ಮ ಟೊಮೆಟೊ ಮಾರಲು ಮಯಾಮಿಗೆ ಹೋದಾಗ ದಿನ ತುಂಬುವ ಮೊದಲೇ ಹುಟ್ಟಿದ ಮಗು. ಹದಿನಾರಕ್ಕೆ ನ್ಯೂಯಾರ್ಕಿಗೆ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದರು. ಹಾರ್ಲೆಮ್‌ನ ನಾಟಕ ಕಂಪನಿಯಲ್ಲಿ ಆಡಿಷನ್ ಅಂತ ಕಂಡು ಹೋದರು. ಓದಲು ಸರಿಯಾಗಿ ಬರದು, ದ್ವೀಪದ ಉಚ್ಚಾರ ಬೇರೆ. ಹೋಗಿ ತಟ್ಟೆ ತೊಳೆ ಅಂತ ಬಾಗಿಲಿಗೆ ದೂಡಿದರು.

ಹುಡುಗ ಒಂದು ರೇಡಿಯೋ ಕೊಂಡ. ಅದರಲ್ಲಿ ಮಾತಾಡುವವರ ಹಾಗೆ ಮಾತಾಡುವುದನ್ನು ಅಭ್ಯಾಸ ಮಾಡಿದ. ಇನ್ನು ಓದುವುದು. ರಾತ್ರಿ ಕೆಲಸ ಮುಗಿದ ಮೇಲೆ ಹೋಟೆಲಿನ ಒಬ್ಬ ವಯಸ್ಸಾದ ಯಹೂದಿ ವೇಟರ್ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಪೇಪರಿನಲ್ಲಿ ಏನಿದೆ ಅಂತ ಕೇಳಿದರು. ಹುಡುಗ, ನನಗೆ ಓದಲು ಅಷ್ಟಾಗಿ ಬರುವುದಿಲ್ಲ ಅಂದ. ಅಂದಿನಿಂದ ದಿನಾ ರಾತ್ರಿ, ವಾರಗಟ್ಟಲೆ, ಆ ಹಿರಿಯರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಅಲ್ಪವಿರಾಮ ಅಂದರೆ ಏನು ಅನ್ನುವುದೂ ಅವರಿಂದಲೇ ಗೊತ್ತಾಗಿದ್ದು. ಪಾಟ್ಯೇ ದೊಡ್ಡವರಾದ ಮೇಲೆ ಹುಡುಕಿದರೆ ಆ ವೇಟರ್ ಸಿಗಲೇ ಇಲ್ಲ. ಎಂಬತ್ತು ದಾಟಿದ ಮೇಲೂ ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರು.

ಅದೇ ನಾಟಕ ಕಂಪನಿಗೆ ಮತ್ತೆ ಹೋದರು. ನೆಲ ಒರೆಸುತ್ತೇನೆ, ಬದಲಿಗೆ ಪಾಠ ಹೇಳಿಕೊಡಿ ಅಂದರು. 1964ರಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದ ಮೊದಲ ಕಪ್ಪು ನಟ ಅದೇ ಹುಡುಗ. ಆದರೆ ನಾನು ಇಟ್ಟುಕೊಂಡ ಗಳಿಗೆ ಆಸ್ಕರ್ ಅಲ್ಲ. ಇನ್ನೂ ಹೆಸರಿಲ್ಲದ ದಿನಗಳು, ಮನೆಯಲ್ಲಿ ಎರಡನೇ ಹೆರಿಗೆ ಹತ್ತಿರ. ವಾರಕ್ಕೆ 750 ಡಾಲರ್ ಕೊಡುವ ಒಂದು ಪಾತ್ರ ಬಂತು. ಮಗಳನ್ನು ಕೊಂದವರ ಎದುರು ತುಟಿ ಬಿಚ್ಚದ ಅಪ್ಪನ ಪಾತ್ರ. ಬೇಡ ಅಂದರು. ಆಸ್ಪತ್ರೆಗೆ 75 ಡಾಲರ್ ಬೇಕಿತ್ತು, ಮನೆಯ ಮೇಜು ಕುರ್ಚಿ ಅಡವಿಟ್ಟು ತಂದರು. ಆ ಅಪ್ಪ ನನ್ನಪ್ಪನ ಥರ ಅಲ್ಲ ಅನ್ನುವುದೇ ಕಾರಣ. ಇಂಥ ಹುಚ್ಚನನ್ನು ಬಿಡಬಾರದು ಅಂತ ಆ ಏಜೆಂಟೇ ಇವರ ಕೆಲಸ ವಹಿಸಿಕೊಂಡ.

ಹುಡುಗನಿಗೆ ಸಾಹಸ ಬೇಕಿದ್ದರೆ ಅದೂ ಇದೆ. 1964ರ ಬೇಸಿಗೆ, ಮಿಸಿಸಿಪಿ. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋದ ಮೂವರು ಕಾರ್ಯಕರ್ತರ ಕೊಲೆಯಾಗಿತ್ತು. ಉಳಿದವರ ಕೈಯಲ್ಲಿ ದುಡ್ಡಿಲ್ಲ. ಗಾಯಕ ಹ್ಯಾರಿ ಬೆಲಫಾಂಟೆ 70,000 ಡಾಲರ್ ಸೇರಿಸಿ, ಒಬ್ಬನೇ ಹೋದರೆ ಮುಗಿಸುತ್ತಾರೆ, ನೀನೂ ಬಾ ಅಂತ ಗೆಳೆಯ ಪಾಟ್ಯೇಯನ್ನು ಕರೆದರು. ಗ್ರೀನ್‌ವುಡ್ ಊರಿನ ಹತ್ತಿರ ರಾತ್ರಿ ಇಳಿದರೆ ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯ ಜನಾಂಗದ್ವೇಷಿ ಗುಂಪಿನವರ ಗಾಡಿಗಳು ಬೆನ್ನು ಹತ್ತಿದವು, ಕಾರಿಗೆ ಗುದ್ದಿದವು. ಹೇಗೋ ಹಣ ಮುಟ್ಟಿತು. ಒಬ್ಬರಿಗೆ ಆಗಷ್ಟೇ ಆಸ್ಕರ್ ಬಂದಿತ್ತು, ಇನ್ನೊಬ್ಬರ ರೆಕಾರ್ಡು ಹತ್ತು ಲಕ್ಷ ದಾಟಿ ಮಾರಾಟವಾಗಿತ್ತು. ಮನೆಯಲ್ಲೇ ಕೂತು ಚೆಕ್ ಬರೆಯಬಹುದಿತ್ತು.

ಸದ್ಯಕ್ಕೆ ಇಷ್ಟು. ಜೇಮ್ಸ್ ಅರ್ಲ್ ಜೋನ್ಸ್ ಬಗ್ಗೆ ಹೇಳಲೇ ಇಲ್ಲ. ಸ್ಟಾರ್ ವಾರ್ಸ್ ಸಿನಿಮಾದ ಖಳನಾಯಕ ಡಾರ್ತ್ ವೇಡರ್‌ನ ದನಿ. ಚಿಕ್ಕವರಿದ್ದಾಗ ಎಂಟು ವರ್ಷ ಮಾತೇ ಆಡದವರು, ಉಗ್ಗು ಅಂತ. ಬೇಕಿದ್ದರೆ ಕೇಳಿ.

ಎಂಟನೇ ಕ್ಲಾಸಿನ ಅಮ್ಮ

ಸರ್, ಕೊನೆಯ ಎರಡು ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಪ್ರಶ್ನೆಯಲ್ಲಿ ಒಂದು ವಿಷಯ ಬರೆದಿರಲಿಲ್ಲ. ನನ್ನ ಮಗನಿಗೂ ಉಗ್ಗು ಇದೆ. ಮನೆಯಲ್ಲಿ ಕಡಿಮೆ. ಹೊಸಬರ ಮುಂದೆ ಜಾಸ್ತಿ. ನಾಲ್ಕು ನಿಮಿಷ ಅಂದರೆ ಅವನಿಗೆ ನಲವತ್ತು ನಿಮಿಷ. ಹೋದ ವರ್ಷ ಇಂಥದೇ ಒಂದು ಮಾತಿನ ದಿನ ಹೊಟ್ಟೆನೋವು ಅಂತ ಮಲಗಿದ್ದ. ನಾನೂ ಸುಳ್ಳು ಅಂತ ಗೊತ್ತಿದ್ದು ಒಪ್ಪಿಕೊಂಡೆ.

ಜೋನ್ಸ್ ಕಥೆ ಹೇಳಿ. ಅವನಿಗೆ ಅದನ್ನೇ ಕೊಡಲಾ?

ಹಳೇ ಮೈಕು

ತಾಯಿ, ಮೊದಲು ಕಥೆ, ಆಮೇಲೆ ನನ್ನ ಅಭಿಪ್ರಾಯ.

ಜೋನ್ಸ್ ಹುಟ್ಟಿದ್ದು 1931ರಲ್ಲಿ ಮಿಸಿಸಿಪಿಯಲ್ಲಿ. ಸಾಕಿದ್ದು ಅಜ್ಜ ಅಜ್ಜಿ. ಅವರು ಮಿಶಿಗನ್‌ಗೆ ಗುಳೆ ಹೋದಾಗ ಹುಡುಗನ ನಾಲಿಗೆ ಕಟ್ಟಿತು. ಶಾಲೆಯಲ್ಲಿ ಹೆಚ್ಚುಕಡಿಮೆ ಮೂಗ. ಏನು ಕೇಳಿದರೂ ಬರೆದು ತೋರಿಸುವುದು. ಹೈಸ್ಕೂಲಿನಲ್ಲಿ ಡೊನಾಲ್ಡ್ ಕ್ರೌಚ್ ಅಂತ ಮೇಷ್ಟ್ರು. ಈ ಹುಡುಗ ಗುಟ್ಟಾಗಿ ಕವಿತೆ ಬರೆಯುತ್ತಾನೆ ಅಂತ ಅವರಿಗೆ ಗೊತ್ತಾಯಿತು. ಆ ಚಳಿಗಾಲ ಸರ್ಕಾರ ಫ್ಲಾರಿಡಾದಿಂದ ದ್ರಾಕ್ಷಿಹಣ್ಣು ಕಳಿಸಿತ್ತು. ದ್ರಾಕ್ಷಿ ಅಲ್ಲ, ತಪ್ಪಾಯಿತು, ಗ್ರೇಪ್‌ಫ್ರೂಟ್. ಚಕ್ಕೋತದ ಜಾತಿಯ ಹಣ್ಣು. ಅದರ ರುಚಿಗೆ ಮರುಳಾಗಿ ಹುಡುಗ ಒಂದು ಕವಿತೆ ಕಟ್ಟಿದ್ದ. ಮೇಷ್ಟ್ರು ಓದಿ, ಇದು ನೀನು ಬರೆದದ್ದಾಗಿರಲಾರದು, ನಿನ್ನದೇ ಆದರೆ ಎದ್ದು ನಿಂತು ಬಾಯಿಪಾಠ ಹೇಳು ಅಂದರು. ಕದ್ದದ್ದು ಅನ್ನಿಸಿಕೊಳ್ಳುವುದಕ್ಕಿಂತ ಉಗ್ಗುವುದು ಮೇಲು ಅಂತ ಎದ್ದು ನಿಂತ. ಒಂದು ಕಡೆಯೂ ತಡೆಯಲಿಲ್ಲ.

1977ರಲ್ಲಿ ಡಾರ್ತ್ ವೇಡರ್‌ಗೆ ದನಿ ಕೊಟ್ಟರು. 7,000 ಡಾಲರ್ ಸಿಕ್ಕಿತು. ನಾನು ಬರೀ ಸ್ಪೆಷಲ್ ಎಫೆಕ್ಟ್ ಅಂತ ಹೇಳಿ ತೆರೆಯ ಮೇಲೆ ಹೆಸರು ಹಾಕಿಸಿಕೊಳ್ಳಲಿಲ್ಲ. ಉಗ್ಗು ಪೂರ್ತಿ ಹೋಗಲೇ ಇಲ್ಲ, ಯಾವ ಪದ ಕೈಕೊಡುತ್ತದೆ ಅಂತ ನೋಡಿಕೊಂಡು ಮಾತಾಡುತ್ತೇನೆ ಅಂತ ಕೊನೆಯವರೆಗೂ ಹೇಳುತ್ತಿದ್ದರು. 2024ರಲ್ಲಿ ಹೋದರು, 93 ವರ್ಷ.

ಇನ್ನು ಅಭಿಪ್ರಾಯ. ನೀವಾಗಿ ಕೊಡಬೇಡಿ. ಉಗ್ಗುವ ಹುಡುಗ ಉಗ್ಗಿದವರ ಬಗ್ಗೆಯೇ ಮಾತಾಡಬೇಕು ಅಂತ ಎಲ್ಲಿದೆ? ಕ್ಲಾಸಿನ ಮುಂದೆ ನಿಂತು ತನ್ನ ಗಾಯವನ್ನೇ ತೋರಿಸಿದ ಹಾಗಾದೀತು. ನನ್ನ ಹಕಾರದ ಬಗ್ಗೆ ಆ ವಯಸ್ಸಿನಲ್ಲಿ ಯಾರಾದರೂ ಭಾಷಣ ಮಾಡು ಅಂದಿದ್ದರೆ ನಾನು ಊರು ಬಿಡುತ್ತಿದ್ದೆ. ಇಲ್ಲಿ ಬಂದದ್ದನ್ನೆಲ್ಲ ಅವನೇ ಓದಲಿ, ಇಲ್ಲ ನೀವು ಓದಿ ಹೇಳಿ. ಆರಿಸುವುದು ಅವನಿಗೆ ಬಿಡಿ.

ರಾತ್ರಿ ಪಾಳಿ

ಚಿಕ್ಕದಾಗಿ ಹೇಳಿ ಹೋಗ್ತೀನಿ. ಲೆವಾರ್ ಬರ್ಟನ್ ಹೆಸರೂ ಸೇರಿಸಿಕೊಳ್ಳಿ. 1977ರ 'ರೂಟ್ಸ್' ಧಾರಾವಾಹಿಯಲ್ಲಿ ಗುಲಾಮನಾಗಿ ಮಾರಾಟವಾದ ಕುಂಟಾ ಕಿಂಟೆ. ಆಗ ಇನ್ನೂ ಕಾಲೇಜು ಹುಡುಗ. ಅಷ್ಟು ಹೆಸರು ಬಂದ ಮೇಲೆ ಅವರು ಮಾಡಿದ ಕೆಲಸ ಮಕ್ಕಳಿಗೆ ಪುಸ್ತಕ ತೋರಿಸುವುದು. 1983ರಿಂದ 2006ರವರೆಗೆ ಸರ್ಕಾರಿ ನೆರವಿನ ಪಿಬಿಎಸ್ ವಾಹಿನಿಯಲ್ಲಿ. ಕೊನೆಗೆ ಪುಸ್ತಕ ಹೇಗಿದೆ ಅಂತ ಮಕ್ಕಳೇ ಹೇಳಬೇಕು, ನನ್ನ ಮಾತು ನಂಬಬೇಡಿ ಅನ್ನುತ್ತಿದ್ದರು. ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಧಾರಾವಾಹಿಯಲ್ಲಿ ಅವರದು ಕಣ್ಣು ಕಾಣದ ಎಂಜಿನಿಯರ್ ಪಾತ್ರ. ಕಣ್ಣಿಗೆ ಒಂದು ಪಟ್ಟಿ ಕಟ್ಟಿಕೊಂಡರೆ ಎಲ್ಲ ಕಾಣುತ್ತೆ ಅಂತ ಕಥೆ. ನಿಜದಲ್ಲಿ ಆ ಪಟ್ಟಿ ಹಾಕಿಕೊಂಡರೆ ಬರ್ಟನ್‌ಗೆ ದಾರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಮೊದಲ ಮಾದರಿ ಮಾಡಿದ್ದು ಕೂದಲಿಗೆ ಹಾಕುವ ಕ್ಲಿಪ್ಪಿನಿಂದ. ಹುಡುಗರಿಗೆ ಇದು ಇಷ್ಟವಾಗುತ್ತೆ.

ಕಪ್ಪು ಬಿಳುಪು

ಎಲ್ಲರೂ ಮಾತಾಡುವವರನ್ನೇ ಹೇಳಿದ್ದೀರಿ. ಮಾತಾಡದೆ ಹೇಳಿದವರೊಬ್ಬರು ಇದ್ದಾರೆ. ನಾನು ಮದುವೆ ಫೋಟೋ ತೆಗೆಯುವವಳು. ನನ್ನ ಕ್ಯಾಮೆರಾ ಚೀಲದ ಒಳಗಡೆ ಅಂಟಿಸಿಕೊಂಡಿರುವುದು ಅವರು ತೆಗೆದ ಒಂದು ಫೋಟೋ.

ಗಾರ್ಡನ್ ಪಾರ್ಕ್ಸ್. 1912ರಲ್ಲಿ ಕ್ಯಾನ್ಸಸ್‌ನ ಫೋರ್ಟ್ ಸ್ಕಾಟ್‌ನಲ್ಲಿ ಹುಟ್ಟಿದವರು. ಹದಿನೈದು ಮಕ್ಕಳಲ್ಲಿ ಕೊನೆಯವರು. ಅಮ್ಮ ಬೇಗ ಹೋದರು, ಓದು ಅರ್ಧಕ್ಕೆ ನಿಂತಿತು. ಪಿಯಾನೋ ನುಡಿಸಿದರು, ರೈಲಿನಲ್ಲಿ ಊಟ ಬಡಿಸಿದರು. ಪ್ರಯಾಣಿಕರು ಬಿಟ್ಟುಹೋದ ಒಂದು ಪತ್ರಿಕೆಯಲ್ಲಿ ವಲಸೆ ಕೂಲಿಗಳ ಫೋಟೋ ನೋಡಿದರು. ಆಮೇಲೆ ಸಿಯಾಟಲ್‌ನ ಗಿರವಿ ಅಂಗಡಿಯಲ್ಲಿ ಒಂದು ಹಳೇ ಕ್ಯಾಮೆರಾ ಕೊಂಡರು. ಗುರು ಇಲ್ಲ, ಶಾಲೆ ಇಲ್ಲ.

1942ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ವಾಷಿಂಗ್ಟನ್‌ಗೆ ಬಂದರು. ಬಡ ರೈತರ ಬದುಕನ್ನು ದಾಖಲಿಸುವ ಸರ್ಕಾರಿ ಇಲಾಖೆಯಲ್ಲಿ ಕೆಲಸ. ಅಲ್ಲಿನ ಮುಖ್ಯಸ್ಥ ರಾಯ್ ಸ್ಟ್ರೈಕರ್ ಮೊದಲ ದಿನ ಕ್ಯಾಮೆರಾ ತೆಗೆದಿಟ್ಟುಕೊಂಡು, ಹೋಗಿ ಊರು ನೋಡಿಕೊಂಡು ಬಾ ಅಂದರು. ಏನಾದರೂ ತಿನ್ನು, ಕೋಟು ಕೊಂಡುಕೋ, ಸಿನಿಮಾ ನೋಡು. ಊಟದ ಜಾಗದಲ್ಲಿ, ಹಿಂಬಾಗಿಲಿಗೆ ಹೋಗು ಅಂದರು. ಅಂಗಡಿಯಲ್ಲಿ ಕೋಟು ತೋರಿಸಲಿಲ್ಲ. ಸಿನಿಮಾಕ್ಕೆ ಒಳಗೆ ಬಿಡಲಿಲ್ಲ. ಅದು ದೇಶದ ರಾಜಧಾನಿ!

ಕುದಿಯುತ್ತಾ ವಾಪಸ್ ಬಂದು, ಈ ಅನ್ಯಾಯದ ಫೋಟೋ ತೆಗೆಯಬೇಕು ಅಂದರು. ಅನ್ಯಾಯ ಮಾಡುವವನ ಮುಖದ ಫೋಟೋ ತೆಗೆದು ಕೆಳಗೆ "ಇವನು ಕೆಟ್ಟವನು" ಅಂತ ಬರೆದರೆ ಆಗುತ್ತಾ? ಆ ಕಟ್ಟಡದಲ್ಲೇ ನೆಲ ಒರೆಸುವ ಹೆಂಗಸೊಬ್ಬರಿದ್ದಾರೆ, ಅವರ ಜೊತೆ ಮಾತಾಡು ಅಂದರು ಸ್ಟ್ರೈಕರ್. ಆ ಹೆಂಗಸಿನ ಹೆಸರು ಎಲ್ಲಾ ವಾಟ್ಸನ್ (Ella Watson). ಪಾರ್ಕ್ಸ್ ಮೊದಲು ಅವರ ಕಥೆ ಕೇಳಿದರು. ಆಮೇಲೆ ಕಚೇರಿಯ ಗೋಡೆಯಲ್ಲಿ ತೂಗುಹಾಕಿದ್ದ ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿದರು. ಒಂದು ಕೈಗೆ ಪೊರಕೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು.

ನನ್ನ ಚೀಲದಲ್ಲಿರುವುದು ಅದೇ. ಚುಕ್ಕಿ ಚುಕ್ಕಿ ಉಡುಪು, ದುಂಡನೆ ಕನ್ನಡಕ. ಬಾವುಟ ಹಿಂದೆ ಮಸುಕಾಗಿದೆ, ಆ ಹೆಂಗಸು ಮತ್ತು ಪೊರಕೆ ಸ್ಪಷ್ಟವಾಗಿವೆ. ಪಾರ್ಕ್ಸ್ ಅಷ್ಟಕ್ಕೇ ಬಿಡಲಿಲ್ಲ. ಅವರ ಮನೆ, ಮೊಮ್ಮಕ್ಕಳು, ಚರ್ಚು, ಎಲ್ಲ ಕಡೆ ಹಿಂದೆ ಹೋದರು. ನಾನು ಮದುವೆ ಮನೆಯಲ್ಲಿ ಅಡುಗೆಯವರ ಫೋಟೋ ತೆಗೆಯಲು ಶುರು ಮಾಡಿದ್ದು ಇದನ್ನು ನೋಡಿದ ಮೇಲೆ. ಆಲ್ಬಮ್ಮಿಗೆ ಯಾರೂ ಹಾಕಿಸಿಕೊಳ್ಳುವುದಿಲ್ಲ, ಆದರೂ ತೆಗೆಯುತ್ತೇನೆ.

1948ರಲ್ಲಿ ಲೈಫ್ ಪತ್ರಿಕೆ ಸೇರಿದರು, ಅಲ್ಲಿ ಖಾಯಂ ಕೆಲಸ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ. 1969ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗೆ ಸಿನಿಮಾ ನಿರ್ದೇಶಿಸಿದ ಮೊದಲ ಕಪ್ಪು ನಿರ್ದೇಶಕರೂ ಇವರೇ. ಕಥೆ, ಚಿತ್ರಕಥೆ, ಸಂಗೀತ ಎಲ್ಲ ಅವರದೇ. ಶೂಟಿಂಗ್ ನಡೆದದ್ದು ಹುಟ್ಟಿದೂರು ಫೋರ್ಟ್ ಸ್ಕಾಟ್‌ನಲ್ಲಿ.

ಸುಮ್ನೆ ಕೇಳ್ದೆ

ಬಣ್ಣದ ಬಗ್ಗೆ ಕೇಳಿದ್ದು ವಾಪಸ್. ಆ ಫೋಟೋ ಹುಡುಕಿ ನೋಡಿದೆ. ಕಾಸ್ಬಿ ವಿಷಯ ವಾಪಸ್ ಇಲ್ಲ.

ಎಂಟನೇ ಕ್ಲಾಸಿನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಓದಿ ಹೇಳಿದೆ. ಸ್ಲೈಡು ತೆಗೆಸಿದ ಕಡೆ ಜೋರಾಗಿ ನಕ್ಕ. ವೇಟರ್ ಕಥೆಗೆ ಏನೂ ಹೇಳಲಿಲ್ಲ. ಜೋನ್ಸ್ ಬಂದಾಗ, "ಅಮ್ಮಾ, ಇದನ್ನು ನೀನು ಬೇಕಂತಲೇ ತಂದಿದ್ದೀಯ" ಅಂದ. ಇಲ್ಲ ಕಣೋ, ಅವರಾಗೇ ಬರೆದದ್ದು ಅಂದೆ. ನಂಬಲಿಲ್ಲ. ಹಳೇ ಮೈಕು ಸರ್, ನೀವು ಹೇಳಿದ್ದೇ ಸರಿ.

ಆರಿಸಿದ್ದು ಗಾರ್ಡನ್ ಪಾರ್ಕ್ಸ್. ಕಾರಣ ಕೇಳಿದರೆ, "ಫೋಟೋ ತೋರಿಸಬಹುದು, ಮಾತು ಕಡಿಮೆ" ಅಂದ. ನನಗೆ ಸಿಟ್ಟು ಬಂತು, ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ. ಆಮೇಲೆ ಅವನ ಪ್ಲಾನ್ ಹೇಳಿದ. ಮೊದಲ ಅರ್ಧ ನಿಮಿಷ ಫೋಟೋ ಎತ್ತಿ ಹಿಡಿದು ಏನೂ ಮಾತಾಡುವುದಿಲ್ಲವಂತೆ. ಕ್ಲಾಸೇ ನೋಡುತ್ತಾ ಇರಬೇಕಂತೆ. ಕೊನೆಗೆ "ಇವರ ಹೆಸರು ಎಲ್ಲಾ ವಾಟ್ಸನ್" ಅಂತ ಶುರು ಮಾಡುತ್ತಾನಂತೆ. ಸ್ವರದಿಂದ ಶುರುವಾಗುವ ಹೆಸರು ಅವನಿಗೆ ಸುಲಭ, ಅದೂ ಲೆಕ್ಕ ಹಾಕಿದ್ದಾನೆ.

'ಕಪ್ಪು ಬಿಳುಪು' ಅವರೇ, ಆ ಫೋಟೋ ಎಲ್ಲಿ ಸಿಗುತ್ತೆ? ಎಷ್ಟು ದೊಡ್ಡದು ಬೇಕು?

ಕಪ್ಪು ಬಿಳುಪು

ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಇದೆ. ಸರ್ಕಾರಕ್ಕಾಗಿ ತೆಗೆದದ್ದು, ಹಕ್ಕಿನ ತಕರಾರಿಲ್ಲ. ದೊಡ್ಡ ಫೈಲನ್ನೇ ಇಳಿಸಿಕೊಳ್ಳಿ. ಒಂದು ವಿಷಯ, ಅಲ್ಲಿ ಫೋಟೋದ ಶೀರ್ಷಿಕೆಯಲ್ಲಿ ಅವರ ಹೆಸರಿಲ್ಲ. "ಸರ್ಕಾರಿ ಕಚೇರಿಯ ಕಸ ಗುಡಿಸುವವಳು" ಅನ್ನುವ ಅರ್ಥದಲ್ಲಿ ಅಷ್ಟೇ ಇದೆ. ನಿಮ್ಮ ಮಗ ಹೆಸರಿನಿಂದ ಶುರು ಮಾಡುತ್ತಾನೆ ಅಂದಿರಲ್ಲ, ಇದನ್ನು ಅವನಿಗೆ ಹೇಳಿ. ಹಿಂದಿನ ಬೆಂಚಿಗೆ ಕಾಣಬೇಕಾದರೆ ಎರಡು ಅಡಿ ಎತ್ತರವಾದರೂ ಇರಲಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ಕೇಳಿ. ಟ್ಯೂಬ್‌ಲೈಟ್ ಬಿದ್ದರೆ ಮುಖವೇ ಕಾಣುವುದಿಲ್ಲ.

ಎಂಟನೇ ಕ್ಲಾಸಿನ ಅಮ್ಮ

ಮ್ಯಾಟ್‌ಗೇ ಕೊಟ್ಟಿದ್ದೇನೆ, ಶುಕ್ರವಾರ ಬರುತ್ತೆ. ಹೆಸರಿನ ವಿಷಯ ಹೇಳಿದೆ. ಪೆನ್ಸಿಲ್ ತಗೊಂಡು ಬರೆದುಕೊಂಡ. ಈಗಿನ ತಲೆನೋವು "ಸ್ಟ್ರೈಕರ್". ಆ ಹೆಸರಿನ ಶುರುವಿನಲ್ಲೇ ನಾಲಿಗೆ ಕಟ್ಟುತ್ತಂತೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಹೇಳಿದ, ಬಾಸ್ ಅಂತೀನಿ ಬಿಡು.